ಮಗಳ ಗಣಿತಕ್ಕಾಗಿ ಗಳಗನಾಥನೊಡನೆ ಜಗಳ

ಗಳಗನಾಥ ಸ್ವಾಮಿಯನ್ನು ನಂಬಿದ ಎಲ್ಲರಿಗೂ ಶರಣು. ಹೋದ ವರ್ಷ ಮೇ ತಿಂಗಳಲ್ಲಿ ನನ್ನ ಮಗಳು ರೇಣುಕಾ ಎರಡು ದಿನ ಊಟ ಬಿಟ್ಟಳು. ಹತ್ತನೇ ತರಗತಿಯ ಗಣಿತದಲ್ಲಿ ಶಾಲೆಗೇ ಮೊದಲಿಗಳು. ಪಿಯುಸಿಯಲ್ಲೂ ಅದನ್ನೇ ಓದಬೇಕೆಂಬ ಹಟ. ನಮಗೆ ಹತ್ತಿರದ ಸರಕಾರಿ ಕಾಲೇಜಿನಲ್ಲಿ ಗಣಿತ ಕಲಿಸುವವರೇ ಇರಲಿಲ್ಲ. ರಾಣೆಬೆನ್ನೂರಿನ ಖಾಸಗಿ ಕಾಲೇಜು ನಮ್ಮ ಕೈಗೆ ಎಟುಕುವಂಥದ್ದಲ್ಲ. ಗಂಡ ತೀರಿಕೊಂಡ ಮೇಲೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿ ಬದುಕುವವಳು ನಾನು.

ಸರಕಾರಿ ಕಾಲೇಜಿಗೇ ಹೋಗಿ ಕೇಳಿದೆ. ಪ್ರಿನ್ಸಿಪಾಲರು ಸಿಟ್ಟೇನೂ ಮಾಡಲಿಲ್ಲ. "ಆರ್ಟ್ಸ್ ಕೊಡಸ್ರಿ ಅಕ್ಕಾರ. ನಿಮ್ಮಂಥವ್ರ ಮಕ್ಕಳಿಗೆ ಗಣಿತ ಭಾರ ಆಗ್ತೈತಿ" ಎಂದರು. ಕೇಳಿದವಳು ಇವಳೊಬ್ಬಳೇ, ಹತ್ತು ಮಕ್ಕಳಿದ್ದರೆ ಅತಿಥಿ ಉಪನ್ಯಾಸಕರಿಗಾಗಿ ಮೇಲಕ್ಕೆ ಬರೆಯಬಹುದಿತ್ತು ಎಂದೂ ಹೇಳಿದರು.

ಅದರ ಮುಂದಿನ ಸೋಮವಾರ ಕೂಲಿ ಬಿಟ್ಟು, ಹಾವೇರಿಯಲ್ಲಿ ಬಸ್ಸು ಬದಲಿಸಿ ಹೊಳೆದಂಡೆಯ ಗಳಗನಾಥಕ್ಕೆ ಹೋದೆ. ಹೊಳೆಯಲ್ಲಿ ಮಿಂದು ಗುಡಿಯೊಳಗೆ ನಿಂತರೆ ಕೈ ಮುಗಿಯಲು ಮನಸ್ಸೇ ಬರಲಿಲ್ಲ.

"ನಿನ್ನ ಗುಡಿ ಕಟ್ಟಿದವ್ರು ಲೆಕ್ಕಾ ಹಾಕೇ ಕಟ್ಯಾರ. ಆ ಲೆಕ್ಕಾ ನನ್ನ ಮಗಳಿಗೆ ಯಾಕ ಬ್ಯಾಡ?" ಎಂದು ಕೇಳಿದೆ. ಪೂಜಾರಿ ತಿರುಗಿ ನೋಡಿದರು. ನೋಡಲಿ ಎಂದುಕೊಂಡೆ.

ಮರಳುವ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವಳು ಬ್ಯಾಡಗಿಯವಳೇ, ಹೊಲಿಗೆ ಕೆಲಸದ ಮಾಬೂಬಿ. ನನ್ನ ಕಣ್ಣು ಕೆಂಪಾಗಿದ್ದನ್ನು ಕಂಡು ಏನೆಂದು ವಿಚಾರಿಸಿದಳು. ಹೇಳಿದೆ. ಅವಳು ನನ್ನತ್ತ ತಿರುಗಿ ಕುಳಿತಳು.

"ನನ್ನ ಮಗಳಿಗೂ ಹಂಗ ಅಂದಾರವಾ. ಗಣಿತ ಕೇಳಿದಾಕಿ ನೀ ಒಬ್ಬಾಕೀನ ಅಂತ."

ಇಬ್ಬರಿಗೂ 'ಒಬ್ಬಳೇ' ಎಂದಿದ್ದರೆ ಇನ್ನೆಷ್ಟು ಮಕ್ಕಳಿಗೆ ಹಾಗೆ ಹೇಳಿ ಕಳಿಸಿರಬೇಕು?

ಆ ವಾರವೆಲ್ಲ ಸಂಜೆ ಕೆಲಸ ಮುಗಿಸಿ ಇಬ್ಬರೂ ಮನೆಮನೆ ತಿರುಗಿದೆವು. ಹಮಾಲರ ಓಣಿಯಲ್ಲಿ ಮೂವರು, ನನ್ನ ಜೊತೆ ತೊಟ್ಟು ಬಿಡಿಸುವವರ ಮಕ್ಕಳು ನಾಲ್ವರು, ಕಾಗಿನೆಲೆ ಕಡೆಯಿಂದ ಇಬ್ಬರು ಸಿಕ್ಕರು. ನಮ್ಮವರಿಬ್ಬರು ಸೇರಿ ಹನ್ನೊಂದು. ತಾಯಂದಿರೆಲ್ಲ ಅರ್ಜಿ ಹಿಡಿದು ಕಾಲೇಜಿಗೆ ಹೋದೆವು. ಕಚೇರಿಯವರು ತಡವಾಯಿತು ಎಂದರು. ನಾವು ಪಡಸಾಲೆಯಲ್ಲಿ ಕುಳಿತೆವು, ಏಳಲಿಲ್ಲ.

ಕೊನೆಗೆ ಪ್ರಿನ್ಸಿಪಾಲರು ಹೊರಗೆ ಬಂದು, ಇಷ್ಟು ಮಂದಿಯನ್ನು ಯಾರು ಕೂಡಿಸಿದರು ಎಂದು ಕೇಳಿದರು.

"ಗಳಗನಾಥ ಕಳಿಸ್ಯಾನ್ರಿ" ಎಂದೆ.

ಅರ್ಜಿ ತೆಗೆದುಕೊಂಡರು. ಜುಲೈನಲ್ಲಿ ಗಣಿತದ ಉಪನ್ಯಾಸಕಿ ಬಂದರು. ಮೊದಲ ಪರೀಕ್ಷೆಯಲ್ಲಿ ಮೂವರು ಫೇಲಾದರು, ರೇಣುಕಾಳೂ ಒಬ್ಬಳು. ಯಾರೂ ಬಿಡಲಿಲ್ಲ. ಈಗ ಹನ್ನೊಂದೂ ಮಕ್ಕಳು ಎರಡನೇ ವರ್ಷದಲ್ಲಿದ್ದಾರೆ.

ನಾನು ಅಂದು ಜಗಳವಾಡಲು ಹೋದವಳು. ಆತ ಸಿಟ್ಟಾಗದೆ ನನ್ನ ಪಕ್ಕಕ್ಕೆ ಮಾಬೂಬಿಯನ್ನು ಕೂರಿಸಿದ. ನಿಮ್ಮ ಮಕ್ಕಳಿಗೂ ಇದು ಭಾರ ಎಂದು ಯಾರಾದರೂ ಹೇಳಿದರೆ ತಲೆ ತಗ್ಗಿಸಿ ಮನೆಗೆ ಬರಬೇಡಿ. ಸ್ವಾಮಿ ನಮ್ಮ ಕಡೆಗಿದ್ದಾನೆ, ಇದು ನಾನು ಕಣ್ಣಾರೆ ಕಂಡದ್ದು.