ಮೂರನೆಯ ಸಲದ ವಿಂಡೋಸ್

ಉಮರ್ಗಾದ ನನ್ನ ಝೆರಾಕ್ಸ್ ಅಂಗಡಿಯ ಕಂಪ್ಯೂಟರ್ ದಿನಕ್ಕೆ ನಾಲ್ಕು ಸಲ ತಾನೇ ಬಂದ್ ಆಗುತ್ತಿತ್ತು. ರಿಪೇರಿಯವನು ಎರಡು ಸಲ ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದ್ದ. ಎರಡು ಸಲವೂ ಗಿರಾಕಿಗಳ ಅರ್ಜಿಗಳೆಲ್ಲ ಅಳಿಸಿಹೋಗಿ ನಾನು ಉಗಿಸಿಕೊಂಡಿದ್ದೆ. ಮೂರನೆಯ ಸಲ ಬಂದಾಗಲೂ ಅವನದು ಅದೇ ರಾಗ: "ವಿಂಡೋಸ್ ಹಾಕೂನ್ರೀ, ದುಸ್ರಾ ಇಲಾಜ ಇಲ್ಲ."

ಅವನ ಮುಖ ನೋಡಲೂ ಹೇಸಿಗೆಯಾಯಿತು. "ಮೊದಲ ಕಂಪ್ಯೂಟರಿನ ಡಬ್ಬಿ ಬಿಚ್ಚಿ ನೋಡಪಾ," ಎಂದೆ.

ಬಿಚ್ಚಿದ. ಫ್ಯಾನಿನ ತುಂಬ ಜಿಡ್ಡುಗಟ್ಟಿದ ಬೂದಿ, ಅದರೊಳಗೊಂದು ಸತ್ತ ಜಿರಲೆ. "ಇಷ್ಟು ಬೂದಿ ಎಲ್ಲಿಂದ ಬಂತು? ಎರಡು ಸಲ ಬಂದಾಗ ಕಣ್ಣು ಎಲ್ಲಿಟ್ಟಿದ್ದಿ?" ಎಂದು ಒದರಿದೆ.

ಅವನು ಡಬ್ಬಿಯ ಮುಂಬದಿಯಲ್ಲಿ ಗಾಳಿ ಒಳಹೋಗುವ ಜಾಲರಿ ತೋರಿಸಿದ. ದಿನದಂತೆ ಅಂದೂ ಅಂಗಡಿ ತೆರೆದು ಕೈಮುಗಿದು, ನಾನೇ ಅದರ ತೂತಿಗೆ ಸಿಕ್ಕಿಸಿದ್ದ ಊದುಬತ್ತಿ ಇನ್ನೂ ಹೊಗೆಯಾಡುತ್ತಿತ್ತು.