ಮುದ್ದೆಮಾಲಾದ ಲಿಂಗ

ನಮ್ಮ ಅತ್ತೆಯವರ ಕೊರಳಲ್ಲಿ ಎರಡು ಒಡವೆ ಇರುತ್ತಿದ್ದವು. ಒಂದು ಮದುವೆಯಲ್ಲಿ ಹಾಕಿದ ಬಂಗಾರದ ಬೋರಮಾಳ. ಇನ್ನೊಂದು ಬೆಳ್ಳಿಯ ಕರಡಿಗೆ, ಅದರೊಳಗೆ ಅವರ ಇಷ್ಟಲಿಂಗ. ತೊಟ್ಟಿಲಲ್ಲಿದ್ದಾಗ ಕಟ್ಟಿದ ಲಿಂಗ ಅದು. ಬೆಳಿಗ್ಗೆ ಸ್ನಾನವಾದ ಮೇಲೆ ಅದನ್ನು ಎಡಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡದೆ ಅವರು ಒಂದು ಗುಟುಕು ಚಹಾ ಕುಡಿದದ್ದನ್ನು ನಾನು ನೋಡಿಲ್ಲ.

ಒಂದು ಶ್ರಾವಣ ಸೋಮವಾರ ಅತ್ತೆಯವರೂ ನಾನೂ ಗುಡಿಗೆ ಹೋಗಿ ಮನೆಗೆ ಬರುತ್ತಿದ್ದೆವು. ಬನಹಟ್ಟಿಯ ನಮ್ಮ ಓಣಿಯಲ್ಲಿ ಎರಡೂ ಕಡೆ ಮಗ್ಗದ ಶೆಡ್ಡುಗಳು. ಹಿಂದೆ ಬೈಕು ಬಂದು ನಿಂತದ್ದು ನನಗೆ ಕೇಳಿಸಲೇ ಇಲ್ಲ. ಇಳಿದು ಬಂದವನು ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದ. ನೇರವಾಗಿ ಅತ್ತೆಯವರ ಕೊರಳಿಗೆ ಕೈ ಹಾಕಿದ. ಅವರು ಬೋರಮಾಳದ ಗೊಡವೆಗೆ ಹೋಗದೆ ಕರಡಿಗೆಯನ್ನು ಎರಡೂ ಕೈಯಿಂದ ಅವಚಿ ಹಿಡಿದುಕೊಂಡರು. ಅಷ್ಟು ಗಟ್ಟಿಯಾಗಿ ಹಿಡಿದದ್ದು ನೋಡಿ, ಬಂಗಾರಕ್ಕಿಂತ ಹೆಚ್ಚಿನದೇನೋ ಅದರೊಳಗೆ ಇದೆ ಎಂದು ಅವನಿಗೆ ಅನಿಸಿರಬೇಕು. ಅವರನ್ನು ನೆಲಕ್ಕೆ ನೂಕಿ ಎರಡನ್ನೂ ಕಿತ್ತುಕೊಂಡು ಹೋದ. ನಾನು ಕೂಗಿದ್ದು ಮಗ್ಗದ ಸಪ್ಪಳದಲ್ಲಿ ಯಾರಿಗೂ ಮುಟ್ಟಲಿಲ್ಲ.

ಮೊಣಕೈ ತರಚಿತ್ತು, ಎಲುಬು ಮುರಿದಿರಲಿಲ್ಲ. ಶಿವ ಅಷ್ಟಾದರೂ ಕಾಯ್ದ ಎಂದುಕೊಂಡೆ.

ಠಾಣೆಯಲ್ಲಿ ದೂರು ಬರೆಸಿಕೊಂಡ ಪೊಲೀಸಪ್ಪ ಒಳ್ಳೆಯ ಮನುಷ್ಯ. ಬರಿದೇ ಎತ್ತಿಕೊಂಡು ಹೋದರೆ ಕಳವು, ನೂಕಿ ಕಿತ್ತುಕೊಂಡರೆ ಸುಲಿಗೆ, ಸುಲಿಗೆಗೆ ಶಿಕ್ಷೆ ಜಾಸ್ತಿ ಎಂದು ತಿಳಿಸಿ ಹೇಳಿದ. ಏನೇನು ಹೋಯಿತು ಎಂದು ಕೇಳಿದಾಗ ನಾನು ಬೋರಮಾಳದ ತೂಕ ಹೇಳತೊಡಗಿದೆ. ಅತ್ತೆಯವರು ನಡುವೆಯೇ ತಡೆದು, ಮೊದಲು ಲಿಂಗ ಬರೆದುಕೊಳ್ಳಿರಿ ಎಂದರು.

ಲಿಂಗವಿಲ್ಲದೆ ಅವರು ಅನ್ನ ಮುಟ್ಟುವುದಿಲ್ಲವೆಂದು ನಮ್ಮ ಮನೆಯವರು ಸಂಜೆಯೇ ಮಠದ ಅಯ್ಯನವರನ್ನು ಕರೆತಂದರು. ಅಯ್ಯನವರು ಹೊಸ ಲಿಂಗ ಕೊಟ್ಟು, ಲಿಂಗಕ್ಕೆ ಹೊಸದು ಹಳೆಯದು ಎಂಬುದಿಲ್ಲ, ಇದನ್ನೇ ಪೂಜಿಸಿರಿ ಎಂದು ಸಮಾಧಾನ ಮಾಡಿದರು. ಅತ್ತೆಯವರು ಭಕ್ತಿಯಿಂದಲೇ ತೆಗೆದುಕೊಂಡರು. ಅಯ್ಯನವರು ಹೋದ ಮೇಲೆ ನನ್ನನ್ನು ಹತ್ತಿರ ಕರೆದರು.

"ಇಂವಾ ಬೀಗರಿದ್ದಂಗ, ಯವ್ವಾ. ಬಂದಾನ, ಮರ್ಯಾದಿ ಮಾಡೂಣು. ಮನ್ಯಾಂವ ಬ್ಯಾರೆ" ಎಂದರು. ಆಮೇಲೆ ನಗು ಬಿಟ್ಟು, "ನಾ ಹೋಗೂವಾಗ ನನ್ನ ಕೈಯಾಗ ಮನ್ಯಾಂವನ ಇರಬೇಕು. ಅಷ್ಟ ನೋಡ್ರಿ ನೀವು" ಎಂದರು.

ನಮ್ಮಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಮಾಡುತ್ತಾರೆ. ಅವರ ಲಿಂಗವನ್ನು ಅವರ ಅಂಗೈಯಲ್ಲೇ ಇಡುತ್ತಾರೆ. ಅತ್ತೆಯವರು ಕೇಳಿದ್ದು ಅದನ್ನು.

ದೀಪಾವಳಿ ಮುಗಿದ ಮೇಲೆ ಮುಧೋಳದ ಕಡೆಯ ಒಬ್ಬ ಹುಡುಗ ಸಿಕ್ಕಿಬಿದ್ದ. ಬೋರಮಾಳ ಕರಗಿ ಹೋಗಿತ್ತು. ಕರಡಿಗೆ ಮಾತ್ರ ಅವನ ಮನೆಯಲ್ಲಿ, ದೇವರ ಜಗಲಿಯ ಮೇಲೆ ಸಿಕ್ಕಿತು. ದಾರಿಯಲ್ಲಿ ಬಿದ್ದಿತ್ತು ಎಂದು ಅವನು ತಾಯಿಗೆ ಹೇಳಿದ್ದನಂತೆ. ಲಿಂಗವನ್ನು ಹಾಗೇ ಬಿಡಬಾರದೆಂದು ಆ ತಾಯಿ ದಿನಾ ವಿಭೂತಿ ಹಚ್ಚಿ, ಪತ್ರಿ ಏರಿಸುತ್ತಿದ್ದಳಂತೆ. ಪೊಲೀಸರು ಇದನ್ನು ನಗುತ್ತಾ ಹೇಳಿದರು. ನನಗೆ ಕಣ್ಣು ತುಂಬಿ ಬಂತು.

ಸಿಕ್ಕಿದ್ದು ಮನೆಗೆ ಬರುತ್ತದೆ ಎಂದು ತಿಳಿದಿದ್ದೆವು. ಬರಲಿಲ್ಲ. ಕೇಸಿನಲ್ಲಿ ಹಿಡಿದ ವಸ್ತು ಮುದ್ದೆಮಾಲು. ಅರಗು ಒತ್ತಿ, ಚೀಟಿ ಕಟ್ಟಿ ಕೋರ್ಟಿನ ಕೋಣೆಯಲ್ಲಿ ಇಡುತ್ತಾರೆ. ಪಂಚನಾಮೆಯಲ್ಲಿ 'ಬೆಳ್ಳಿಯ ಡಬ್ಬಿ, ಒಳಗೆ ಕಪ್ಪು ಕಲ್ಲು' ಎಂದು ಬರೆದಿದ್ದರು. ನಮ್ಮ ಮನೆಯವರು ಆ ಮಾತನ್ನು ಮನೆಯಲ್ಲಿ ಆಡಬಾರದಿತ್ತು, ಆಡಿಬಿಟ್ಟರು.

"ಕಳ್ಳನ ಮನಿಯಾಗ ಪೂಜಿ ಆತು. ಸರಕಾರದ ಮನಿಯಾಗ ಉಪಾಸ ಬಿತ್ತಲ್ಲೋ ನಮ್ಮಪ್ಪಗ" ಎಂದು ಅತ್ತೆಯವರು ಮಗನಿಗೆ ಹೇಳಿದರು.

ವಕೀಲರನ್ನು ಹಿಡಿದು ಅರ್ಜಿ ಹಾಕಿಸಿದೆವು. ಜಡ್ಜ್ ಸಾಹೇಬರು ದಯೆ ತೋರಿ ಮಂಜೂರು ಮಾಡಿದರು. ಆದರೆ ಅದು ಪೂರ್ತಿ ಕೊಟ್ಟದ್ದಲ್ಲ, ಜೋಪಾನಕ್ಕೆ ಕೊಟ್ಟದ್ದು. ಫೋಟೊ ತೆಗೆಸಿದರು. ಇದ್ದಂತೆಯೇ ಇಡುತ್ತೇನೆ, ಬದಲು ಮಾಡುವುದಿಲ್ಲ, ಕೇಳಿದಾಗ ತಂದು ತೋರಿಸುತ್ತೇನೆ ಎಂದು ನಮ್ಮ ಮನೆಯವರಿಂದ ಬಾಂಡು ಬರೆಸಿಕೊಂಡರು. ಅತ್ತೆಯವರಿಗೆ ಅಲ್ಲೇ ಒಂದು ಚಿಂತೆ ಹುಟ್ಟಿತು.

"ಇಬತ್ತಿ ಹಚ್ಚಿದ್ರ ಬದಲ ಮಾಡಿದಂಗ ಆಕ್ಕೈತೇನ್ರಿ, ವಕೀಲರ?"

"ಹಚ್ಚರಿ ಅಜ್ಜಿ. ಇಬತ್ತಿಗೆ ಕೋರ್ಟು ಅಡ್ಡ ಬರೂದಿಲ್ಲ."

ಆ ದಿನ ಬಸ್ಸಿನಲ್ಲಿ ಅವರು ಕರಡಿಗೆಯನ್ನು ಸೆರಗಿನೊಳಗೆ ಹಿಡಿದುಕೊಂಡೇ ಬಂದರು. ಮನೆಗೆ ಬಂದು ಎರಡನೆಯ ಸಲ ಸ್ನಾನ ಮಾಡಿ ಪೂಜೆಗೆ ಕುಳಿತವರು ಬಹಳ ಹೊತ್ತು ಏಳಲಿಲ್ಲ. ರೊಟ್ಟಿ ಆರಿ ಹೋದವು. ನಾನೂ ಕರೆಯಲಿಲ್ಲ.

ಮುಂದೆ ತಾರೀಖುಗಳು ಶುರುವಾದವು. ಹುಡುಗ ಜಾಮೀನಿನ ಮೇಲೆ ಬಿಡುಗಡೆಯಾದ. ಒಂದು ತಾರೀಖಿಗೆ ಅವನ ವಕೀಲರಿಲ್ಲ, ಮತ್ತೊಂದಕ್ಕೆ ಸಾಕ್ಷಿಗಳಿಗೆ ಸಮನ್ಸು ಮುಟ್ಟಿಲ್ಲ, ಮಗದೊಂದಕ್ಕೆ ಸಾಹೇಬರು ರಜೆ. ಹೊರಗಿನ ಬೆಂಚಿನ ಮೇಲೆ ಬುತ್ತಿ ಬಿಚ್ಚಿ ತಿಂದು ತಿರುಗಿ ಬರುತ್ತಿದ್ದೆವು. ಇದು ಎಲ್ಲಿಗೆ ಮುಟ್ಟುತ್ತದೆ ಎಂದು ಒಮ್ಮೆ ಸರ್ಕಾರಿ ವಕೀಲರನ್ನೇ ಕೇಳಿದೆ. ಅವರು ಮುಚ್ಚಿಡಲಿಲ್ಲ.

"ಅಕ್ಕಾರ, ಹಿಂತಾ ಕೇಸು ಹೆಚ್ಚಾಗಿ ಮುಗಿಯೂದು ಹೀಂಗರಿ. ಮಾರಿ ನೋಡಿದವರು ಇರೂದಿಲ್ಲ. ಪಂಚರು ನಾವು ಬರೇ ಸಹಿ ಮಾಡೇವಿ ಅಂತಾರ. ಸಂಶೇದ ಮ್ಯಾಲ ಹುಡುಗ ಮನಿಗೆ ಹೋಗ್ತಾನ. ನಿಮ್ಮ ವಸ್ತು ನಿಮಗ ಬಂತಲ್ಲ, ಅದ ದೊಡ್ಡದು ಅನ್ಕೋರಿ."

ಹಾಗೇ ಅಂದುಕೊಂಡೆ. ಬಂದದ್ದು ದೊಡ್ಡದೇ.

ಲಿಂಗ ಮನೆಗೆ ಬಂದು ವರ್ಷವಾಗುತ್ತ ಬಂದಾಗ, ಮಾಘದಲ್ಲಿ, ಅತ್ತೆಯವರು ತೀರಿಕೊಂಡರು. ಬೆಳಿಗ್ಗೆ ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು, ಎದೆ ಹಿಡಿದಂತಾಗುತ್ತದೆ ಎಂದು ಗೋಡೆಗೆ ಒರಗಿದರು. ನಾನು ನೀರು ತರುವಷ್ಟರಲ್ಲಿ ಮುಗಿದಿತ್ತು. ಹಾಸಿಗೆ ಹಿಡಿಯಲಿಲ್ಲ, ನರಳಲಿಲ್ಲ. ಅದೂ ಶಿವನ ಕೃಪೆಯೇ.

ಕೇಸು ಇನ್ನೂ ನಡೆದಿತ್ತು. ನಮ್ಮ ಮನೆಯವರಿಗೆ ಬಾಂಡು ನೆನಪಾಯಿತು. ಹಿತ್ತಿಲಿಗೆ ಹೋಗಿ ವಕೀಲರಿಗೆ ಫೋನು ಮಾಡಿದರು. ಅವರು ತಮ್ಮ ಕೆಲಸದ ಮಾತು ಹೇಳಿದರು: ಲಿಂಗ ಫೋಟೊದಲ್ಲಿದೆ, ಸಾಕ್ಷಿಯ ದಿನ ತೋರಿಸಲೇಬೇಕಾಗಬಹುದು, ಮಣ್ಣಿನಲ್ಲಿಟ್ಟೆವು ಎಂದರೆ ಬಾಂಡು ಬರೆದವರಿಗೇ ತೊಂದರೆ, ಕೇಸೂ ಕೆಡುತ್ತದೆ. ಒಳಗೆ ಅಯ್ಯನವರು ಕಾಯುತ್ತಿದ್ದರು. ಹೆಣವನ್ನು ಕೂಡಿಸಿ ಆಗಿತ್ತು. ನಮ್ಮ ಮನೆಯವರು ನನ್ನ ಮುಖ ನೋಡಿದರು.

"ಅತ್ತಿ ಕೇಳಿದ್ದು ಇದೊಂದ ರೀ" ಎಂದೆ.

"ಗೊತ್ತೈತಿ. ನಾಳಿ ಸಾಹೇಬ್ರು ಕೇಳಿದ್ರ ಏನು ತೋರಸಲಿ?"

ನ್ಯಾಯಕ್ಕಾಗಿ ಹೋದವರು ನಾವೇ, ಕೊಟ್ಟ ಮಾತನ್ನು ಮುರಿಯುವುದು ಹೇಗೆ ಎಂದು ಅವರಿಗೆ ಸಂಕಟ. ಕೊನೆಗೆ ಅಯ್ಯನವರು ಕೊಟ್ಟಿದ್ದ ಹೊಸ ಲಿಂಗವನ್ನೇ ಅತ್ತೆಯವರ ಅಂಗೈಯಲ್ಲಿಟ್ಟರು. ಎಲ್ಲವೂ ಶಾಸ್ತ್ರದಂತೆಯೇ ಆಯಿತು. ಹಳೆಯದು ಜಗಲಿಯ ಮೇಲೆ ಉಳಿಯಿತು. ನನ್ನ ಪೂಜೆಯ ಹೊತ್ತಿಗೆ ಅದಕ್ಕೂ ವಿಭೂತಿ ಹಚ್ಚುತ್ತಿದ್ದೆ.

ಬೇಸಿಗೆಯಲ್ಲಿ ನನ್ನ ಸಾಕ್ಷಿ ಬಂತು. ಕರಡಿಗೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿ ಒಯ್ದೆ. ದೇವರ ಮೇಲೆ ಪ್ರಮಾಣ ಮಾಡಿಸಿದರು. ಆಮೇಲೆ ಕಟಕಟೆಯಲ್ಲಿದ್ದ ಹುಡುಗನನ್ನು ತೋರಿಸಿ, ಕಿತ್ತುಕೊಂಡವನು ಇವನೇ ಏನು ಎಂದು ಕೇಳಿದರು. ನಾನು ಅವನನ್ನು ದಿಟ್ಟಿಸಿ ನೋಡಿದೆ. ಸಣಕಲ ಹುಡುಗ, ತಲೆ ತಗ್ಗಿಸಿದ್ದ. ಅವನೇ ಇರಬಹುದು. ಅವನ ಮನೆಯಲ್ಲೇ ಸಿಕ್ಕಿದೆಯಲ್ಲ. ಆದರೆ ನನ್ನನ್ನು ಕೇಳಿದ್ದು ನಾನು ಕಂಡದ್ದನ್ನು.

"ಮಾರಿಗೆ ಟವೆಲ್ ಕಟ್ಟಿದ್ದನ್ರಿ. ಇವನ ಅಂತ ಆಣಿ ಮಾಡಿ ಹೇಳಾಕ ನನಗ ಬರೂದಿಲ್ರಿ" ಎಂದೆ.

ಪಂಚರಿಬ್ಬರೂ ಠಾಣೆಯಲ್ಲಿ ಸಹಿ ಮಾಡಿದ್ದೇವೆ, ಮನೆ ನೋಡಿಲ್ಲ ಎಂದರು. ಕರಡಿಗೆಯನ್ನು ಬಿಚ್ಚಿ ತೋರಿಸಿ ಎಂದು ಯಾರಾದರೂ ಕೇಳುತ್ತಾರೆಂದು ಚೀಲದ ಬಾಯಿ ಹಿಡಿದುಕೊಂಡೇ ನಿಂತಿದ್ದೆ. ಫೋಟೊ ಒಂದನ್ನು ತೋರಿಸಿ, ಇದು ನಿಮ್ಮದೇ ಏನು ಎಂದು ಕೇಳಿದರು. ಹೌದು ಎಂದೆ. ಅಷ್ಟೇ. ಮುಂದಿನ ಕೇಸು ಕೂಗಿದರು.

ಹೊರಗೆ ಬೇವಿನ ನೆರಳಿನಲ್ಲಿ ಒಬ್ಬ ಹೆಂಗಸು ನನ್ನ ಹತ್ತಿರ ಬಂದಳು. ಹುಡುಗನ ತಾಯಿ. ಮಗನ ಮಾತು ಎತ್ತಲಿಲ್ಲ. ಆ ಲಿಂಗದ ಅಜ್ಜಿ ಹೇಗಿದ್ದಾರೆ ಎಂದು ಕೇಳಿದಳು. ಹೋದರು ಎಂದೆ. ಬಾಯಿಗೆ ಸೆರಗು ಹಿಡಿದು ಅತ್ತಳು. ಅವಳ ಮೇಲೆ ಸಿಟ್ಟು ಮಾಡಲು ನನ್ನಿಂದ ಆಗಲಿಲ್ಲ.

ತೀರ್ಪಿನಲ್ಲಿ ಹುಡುಗ ಸಂಶಯದ ಲಾಭದ ಮೇಲೆ ಬಿಡುಗಡೆಯಾದ. ಸರ್ಕಾರಿ ವಕೀಲರು ಹೇಳಿದಂತೆಯೇ. ಅದಕ್ಕೆ ನನಗೆ ದುಃಖವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಅಳು ಬಂದದ್ದು ಅದಕ್ಕಲ್ಲ. ಕೊನೆಯ ಸಾಲಿನಲ್ಲಿ, ಅಪೀಲಿನ ಅವಧಿ ಕಳೆದ ಮೇಲೆ ವಸ್ತು ಪಡೆದವರಲ್ಲೇ ಉಳಿಯಲಿ, ಬಾಂಡು ರದ್ದು ಎಂದಿತ್ತು.

ಅವಧಿ ಕಳೆದ ಮೇಲೆ, ಲಿಂಗವನ್ನು ಅತ್ತೆಯವರ ಸಮಾಧಿಯಲ್ಲಿ ಇಡಬಹುದೇ ಎಂದು ಅಯ್ಯನವರನ್ನು ಕೇಳಿದೆವು. ಮುಚ್ಚಿದ ಗದ್ದುಗೆಯನ್ನು ತೆರೆಯಬಾರದು, ಹರಿಯುವ ನೀರಿಗೆ ಒಪ್ಪಿಸಿರಿ ಎಂದರು. ರಬಕವಿ ಕಡೆ ಹೊಳೆಗೆ ಹೋದೆವು. ಬೆಳಗಿನ ಹೊತ್ತು, ಆ ಕಡೆ ಯಾರೋ ಬಟ್ಟೆ ಒಗೆಯುತ್ತಿದ್ದರು. ನಮ್ಮ ಮನೆಯವರು ಮೊಣಕಾಲು ನೀರಿನಲ್ಲಿ ನಿಂತು, ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿಟ್ಟುಕೊಂಡರು. ಕೈಯನ್ನು ನೀರಿಗೆ ಇಳಿಸಿದರು, ಕೂಡಲೇ ಬಿಡಲಿಲ್ಲ. ನೀರು ಬೆರಳ ಸಂದಿಯಲ್ಲಿ ಹರಿಯುತ್ತಿತ್ತು. ನಾನು ದಂಡೆಯ ಮೇಲೆ ಕೈ ಮುಗಿದು ನಿಂತಿದ್ದೆ. ಕೈ ಮೇಲಕ್ಕೆ ಬಂದಾಗ ಖಾಲಿಯಾಗಿತ್ತು.

ಹೆಚ್ಚುಕಡಿಮೆ ಒಂದು ವರ್ಷ ಅದು ಮತ್ತೆ ಅತ್ತೆಯವರ ಅಂಗೈಯಲ್ಲಿ ಇತ್ತಲ್ಲ ಎಂದು ನಾನು ಮನಸ್ಸಿಗೆ ಹೇಳಿಕೊಳ್ಳುತ್ತೇನೆ. ಅವರು ಕೊನೆಯ ಪೂಜೆ ಮಾಡಿದ್ದೂ ಅದಕ್ಕೇ. ಅಷ್ಟು ಸಿಕ್ಕಿದ್ದನ್ನು ಮರೆತರೆ ನನಗೆ ಪಾಪ ಬರುತ್ತದೆ.

ಮನೆಗೆ ಬರುವಾಗ ನಮ್ಮ ಮನೆಯವರು ಅರ್ಧ ದಾರಿಯಲ್ಲಿ, "ಅವತ್ತ ಅವ್ವನ ಕೈಯಾಗ ಇಟ್ಟಿದ್ರ ನಡೀತಿತ್ತು. ಯಾರೂ ಕೇಳಲಿಲ್ಲ ನೋಡು" ಎಂದರು.

ಧೋತರದ ಅಂಚು ಒದ್ದೆಯಾಗಿದೆ, ಹಿಂಡಿಕೊಳ್ಳಿರಿ ಎಂದೆ.