ಬಾಗಿಲಿಗೆ ಅಡ್ಡ ಬಂದ ಕೈ

ನಮ್ಮ ಉಪದೇಶಿಗಳ ಬಲಗೈ ಮೊಣಕೈಯಲ್ಲಿ ಸೊಟ್ಟ. ಚಿಕ್ಕಂದಿನಲ್ಲಿ ಮುರಿದದ್ದು ಸರಿಯಾಗಿ ಕೂಡಿರಲಿಲ್ಲ. ಪ್ರಾರ್ಥನೆಗೆ ಎತ್ತಿದರೂ ಅರ್ಧಕ್ಕೇ ನಿಲ್ಲುತ್ತಿತ್ತು. ಗಜೇಂದ್ರಗಡದ ನಮ್ಮ ಪುಟ್ಟ ಚರ್ಚಿಗೆ ಪಾದ್ರಿಗಳು ಬರುತ್ತಿದ್ದದ್ದು ಅಪರೂಪ. ವಾರವೆಲ್ಲ ಸೀರೆ ನೇಯ್ದು, ಭಾನುವಾರ ಆರಾಧನೆ ನಡೆಸುತ್ತಿದ್ದವರು ಇವರೇ.

ಕ್ರೈಸ್ತ ಸಭೆಯ ಚರಿತ್ರೆ ಹೇಳಲು ಕೂತರೆಂದರೆ, ಮೊನ್ನೆ ರಾಜೂರಿನಲ್ಲಿ ಕಣ್ಣಾರೆ ಕಂಡು ಬಂದವರ ಹಾಗೆ! ಸಾವಿರದ ಆರುನೂರು ವರ್ಷಗಳ ಹಿಂದೆ ಚಕ್ರವರ್ತಿ ಥಿಯೊಡೋಸಿಯಸ್ ಒಂದು ಊರಿನ ಜನರನ್ನೇ ಕೊಲ್ಲಿಸಿದ. ಬಿಷಪ್ ಅಂಬ್ರೋಸ್ ಅವನನ್ನು ಚರ್ಚಿನ ಬಾಗಿಲಲ್ಲೇ ತಡೆದರು. ಅರಸ ರಾಜವಸ್ತ್ರ ಕಳಚಿ ಅಳುತ್ತ ಬಂದ ಮೇಲೆಯೇ ಒಳಗೆ ಬಿಟ್ಟರು. ಈ ಕಥೆಯೆಂದರೆ ಉಪದೇಶಿಗಳಿಗೆ ಪ್ರಾಣ. “ರಾಜ ಆದ್ರೇನವಾ, ಕೈಗೆ ರಕ್ತ ಹಚ್ಚಿಕೊಂಡು ಒಳಗ ಹ್ಯಾಂಗ ಬರ್ತಾನ?” ಎಂದು ನಮ್ಮನ್ನೇ ಗದರುತ್ತಿದ್ದರು. ಆ ಚಕ್ರವರ್ತಿ ನರಗುಂದದ ಗುಡ್ಡದ ಮೇಲೆ ಇದ್ದನೆಂದೇ ನಾನು ಬಹಳ ದಿನ ನಂಬಿದ್ದೆ.

ನಮ್ಮಪ್ಪ ಸಭೆಯ ಹಿರಿಯ. ಚರ್ಚಿಗೆ ತಗಡು ಹೊದಿಸಿದವನು, ಉಪದೇಶಿಗಳಿಗೆ ಮಗ್ಗ ಕೊಟ್ಟವನು. ಅಕ್ಕ ಮುಸ್ಲಿಂ ಹುಡುಗನನ್ನು ಮದುವೆಯಾದ ಮೇಲೆ ಮನೆಯಲ್ಲಿ ಅವಳ ಹೆಸರೆತ್ತುವಂತಿರಲಿಲ್ಲ. ಅವ್ವ ಹಾಸಿಗೆ ಹಿಡಿದಾಗ ಅಕ್ಕ ರೋಣದಿಂದ ಓಡಿ ಬಂದಳು. ಅಪ್ಪ ಅಗಳಿ ಹಾಕಿಬಿಟ್ಟ. ಅವಳು ಹೊರಗೆ ಕಟ್ಟೆಯ ಮೇಲೆ ಅಳುತ್ತಿರುವಾಗಲೇ ಒಳಗೆ ಅವ್ವ ತೀರಿಹೋದಳು. ಮಣ್ಣಿಗೂ ಅಕ್ಕನನ್ನು ಬಿಡಲಿಲ್ಲ.

ಮುಂದಿನ ಭಾನುವಾರ ಅಪ್ಪ ರುಮಾಲು ಸುತ್ತಿಕೊಂಡು ಚರ್ಚಿನ ಮೆಟ್ಟಿಲು ಹತ್ತಿದ. ಉಪದೇಶಿಗಳು ಎದ್ದು ಬಂದವರೇ ಬಾಗಿಲಿಗೆ ಆ ಸೊಟ್ಟ ಕೈ ಅಡ್ಡ ಇಟ್ಟರು.

“ಹಿರ್ಯಾರ, ಒಳಗ ಬರಬ್ಯಾಡ್ರಿ.”

ಆ ಕೈಯನ್ನು ಒಂದು ಮಗುವೂ ಸರಿಸಬಹುದಿತ್ತು!

“ಯಾರಿಗೆ ಹೇಳಾಕತ್ತಿ, ಖಬರ್ ಐತೇನ? ನಿನ್ನ ಮಗ್ಗ ನಾ ಕೊಟ್ಟದ್ದು!” ಅಪ್ಪ ಗುಡುಗಿದ.

“ಹೌದ್ರಿ, ಒಯ್ರಿ. ಆದ್ರ ಸಾಯೂ ತಾಯಿ ಮಾರಿ ನೋಡಾಕ ಮಗಳ್ನ ಬಿಡಲಿಲ್ಲಲ್ರಿ ನೀವು! ಆಕಿ ಮುಂದ ತಪ್ಪಾತು ಅಂದು ಬರ್ರಿ. ಅಲ್ಲೀತನಕ ನಾನೂ ಒಳಗ ಹೋಗಂಗಿಲ್ಲ.”

ಹೀಗೆಂದು ಚಪ್ಪಲಿಗಳ ನಡುವೆ ಮೆಟ್ಟಿಲ ಮೇಲೆ ಕೂತೇಬಿಟ್ಟರು. ಅವರು ಹೇಳುತ್ತಿದ್ದ ಕಥೆಯಲ್ಲಿ ಬಿಷಪ್ಪರು ಹೊರಗೆ ಕೂತಿರಲಿಲ್ಲ, ಇದು ಇವರದೇ. ಅಪ್ಪ ಮೆಟ್ಟಿಲಿಳಿದು ಹೋದ. ಒಳಗೆ ನಾವು ತಾಳ ತಪ್ಪಿ ಹಾಡಿದೆವು.

ಅಪ್ಪ ಮರುದಿನ ಮಗ್ಗ ಬಿಚ್ಚಿಸಿ ತಂದೇಬಿಟ್ಟ. ನನಗೆ ನಂಬಲಾಗಲಿಲ್ಲ. ಸಭೆಯವರು ಉಪದೇಶಿಗಳಿಗೇ ಹುಚ್ಚು ಹಿಡಿದಿದೆ ಎಂದರು. ಅವರು ಮಾತ್ರ ಪ್ರತಿ ಭಾನುವಾರ ಬಂದು ಮೆಟ್ಟಿಲ ಮೇಲೆ ಕೂತು, ಅಲ್ಲಿಂದಲೇ ನಮ್ಮ ಜೊತೆ ಹಾಡುತ್ತಿದ್ದರು.

ಉಪದೇಶಿಗಳು ಒಂದು ದಿನ ಎದೆನೋವು ಎಂದವರು ದವಾಖಾನೆ ಮುಟ್ಟಲಿಲ್ಲ.

ಶವಪೆಟ್ಟಿಗೆ ಚರ್ಚಿಗೆ ಬಂದಾಗ ಅಪ್ಪ ಎಲ್ಲಿಂದಲೋ ಧಾವಿಸಿ ಬಂದ. ಬಾಗಿಲಿಗೆ ತನ್ನ ಕೈ ಅಡ್ಡ ಇಟ್ಟು ಹೊತ್ತವರನ್ನು ತಡೆದ. ಹೆಣಕ್ಕೂ ಬಾಗಿಲು ಹಾಕುತ್ತಾನೆಯೇ!

“ತಡೀರಿ. ಒಳಗ ಹೋಗಂಗಿಲ್ಲ ಅಂದಿದ್ರು. ಅವರ ಮಾತು ಮುರೀಬಾರ್ದು,” ಎಂದ. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮಕ್ಕಗ ಫೋನ್ ಹಚ್ಚವಾ,” ಎಂದ.

ಪೆಟ್ಟಿಗೆಯನ್ನು ಮೆಟ್ಟಿಲ ಬಳಿ ಇಳಿಸಿ ಎಲ್ಲರೂ ಬಿಸಿಲಲ್ಲಿ ಕಾದೆವು. ಅಕ್ಕ ರೋಣದಿಂದ ಬಂದಳು. ಅಪ್ಪ ರುಮಾಲು ತೆಗೆದ. “ತಪ್ಪಾತವಾ,” ಎಂದ. ಅಕ್ಕ ಅವನ ಕಡೆ ನೋಡಲೂ ಇಲ್ಲ. ಪೆಟ್ಟಿಗೆಯ ಪಕ್ಕ ಕೂತು ಉಪದೇಶಿಗಳ ಸೊಟ್ಟ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತಳು. ಅತ್ತು ಎದ್ದು, “ಒಳಗ ಒಯ್ಯೂಣು ನಡೀಪಾ,” ಎಂದಳು.

ಅಪ್ಪ ಪೆಟ್ಟಿಗೆಗೆ ಹೆಗಲು ಕೊಟ್ಟ.